ಅಟ್ಟದ ಗಾಜು, ಹಿತ್ತಿಲ ಸೊಪ್ಪು

ಪ್ರಶ್ನೆ: ಸಾಗರದ ತವರುಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಗಾಜಿನ ಸಾಮಾನು ಸಿಕ್ಕಿದೆ. ಕೆತ್ತನೆಯಿರುವ ಭಾರದ ಲೋಟಗಳು, ಗೋಲಿ ಸೋಡಾ ಬಾಟಲಿಗಳು. ಅಪ್ಪ ಅಮ್ಮನ ಮದುವೆಗೆ 50 ವರ್ಷವಾಯಿತೆಂದು ಮನೆಯಲ್ಲೇ ಊಟ ಇಟ್ಟುಕೊಂಡಿದ್ದೇವೆ. ಇವುಗಳಲ್ಲಿ ತಿನ್ನುವ ಸೊಪ್ಪು, ಹೂಗಳನ್ನಿಟ್ಟು ಟೇಬಲ್ ಅಲಂಕರಿಸಬಹುದೇ? ಲೋಟಗಳಲ್ಲಿ ಪಾನಕ ಕೊಡಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಲಂಕಾರ ಖಂಡಿತ ಮಾಡಿ. ಪಾನಕ ಮಾತ್ರ ಬೇಡ. ಕೈಗೆ ಭಾರ ಅನ್ನಿಸುವ, ಉಗುರಿನಿಂದ ತಟ್ಟಿದರೆ ದನಿ ಉದ್ದಕ್ಕೆ ಎಳೆಯುವ ಹಳೆಯ ಲೋಟಗಳಲ್ಲಿ ಸೀಸ, ಅಂದರೆ ಲೆಡ್ ಎಂಬ ವಿಷದ ಲೋಹ, ಇರುವ ಸಾಧ್ಯತೆ ಜಾಸ್ತಿ. ಲೆಡ್ ಕ್ರಿಸ್ಟಲ್ ಎನ್ನುವ ಗಾಜಿನಲ್ಲಿ ಸೀಸದ ಆಕ್ಸೈಡ್ ಶೇ. 24 ಅಥವಾ ಅದಕ್ಕಿಂತ ಹೆಚ್ಚಿರುತ್ತದೆ. ನಿಂಬೆಹುಳಿ ಅದನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಈ ಲೋಟದೊಳಗೆ ಪುಟ್ಟ ಸ್ಟೀಲ್ ಲೋಟ ಕೂರಿಸಿ, ನೀರು ಅದಕ್ಕೆ ಹಾಕಿ, ಸೊಪ್ಪು ನಿಲ್ಲಿಸಿ. ಸ್ಟೀಲ್ ಕಾಣದಂತೆ ಎಲೆಗಳು ಅಂಚಿನಿಂದ ಇಳಿಬೀಳಲಿ.

ತೊಳೆಯುವಾಗ ಕುದಿನೀರು ತಾಗಿಸಬೇಡಿ, ಹಳೆಯ ಗಾಜು ಸೀಳಿಬಿಡುತ್ತದೆ. ಬೋರ್ ನೀರಿನ ಬಿಳಿ ಕಲೆಯಿದ್ದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ ತಕ್ಷಣ ತೊಳೆಯಿರಿ. ಅಂಚಿಗೆ ಚಿನ್ನದ ಗೆರೆಯಿದ್ದರೆ ವಿನೆಗರ್ ಬೇಡ. ಬಾಟಲಿಯೊಳಗಿನ ಕೊಳೆಗೆ ಒಂದು ಹಿಡಿ ಅಕ್ಕಿ, ಸೋಪಿನ ನೀರು ಹಾಕಿ ಮೆಲ್ಲಗೆ ತಿರುಗಿಸಿ.

ಇನ್ನು ಸೊಪ್ಪಿನ ವಿಷಯ. ನನಗೆ ಎಲ್ಲಕ್ಕಿಂತ ಇಷ್ಟ ದೊಡ್ಡಪತ್ರೆ. ದಪ್ಪ ಎಲೆ, ಬೇಗ ಬಾಡುವುದಿಲ್ಲ, ಕೈ ತಾಗಿದರೆ ಸಾಕು ಟೇಬಲ್ ತುಂಬ ಘಮ. ಪುದೀನವೂ ಚೆನ್ನಾಗಿ ನಿಲ್ಲುತ್ತದೆ. ಕರಿಬೇವನ್ನು ಕಡ್ಡಿ ಸಮೇತ ಇಡಿ. ಕೊತ್ತಂಬರಿ ಬೇರಿನ ಸಮೇತ ಇಟ್ಟರೂ ಫ್ಯಾನಿನ ಕೆಳಗೆ ಸೋತುಹೋಗುತ್ತದೆ, ಅದನ್ನು ಕೊನೆ ಗಳಿಗೆಯಲ್ಲಿ ಸೇರಿಸಿ. ಗೋಲಿ ಸೋಡಾ ಬಾಟಲಿಗೆ ಮಾತ್ರ ಏನೂ ತುರುಕಬೇಡಿ. ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಒಂದೆರಡು ಎಳೆ ಸಾಕು, ಹಸಿರು ಗಾಜಿನೊಳಗೆ ಹಸಿರು ಗೆರೆ ಎದ್ದು ಕಾಣುತ್ತದೆ. ಎಲ್ಲವೂ ತಗ್ಗಾಗಿರಲಿ. ಎದುರು ಕೂತ ಅಮ್ಮನ ಮುಖ ಅಪ್ಪನಿಗೆ ಕಾಣಬೇಕು, ಅಲ್ವಾ?

ಹೂವಿಗೆ ದಾಸವಾಳ, ಶಂಖಪುಷ್ಪ ಒಳ್ಳೆಯವು. ಶಂಖಪುಷ್ಪ ನೆನೆಸಿದ ನೀಲಿ ನೀರಿಗೆ ನಿಂಬೆ ಹಿಂಡಿದರೆ ನೇರಳೆ ಬಣ್ಣ ಬರುತ್ತದೆ. ನಿಮ್ಮ ಪಾನಕವನ್ನು ಹಾಗೇ ಮಾಡಿ, ಇಂದಿನ ಸಾದಾ ಗಾಜಿನ ಲೋಟದಲ್ಲಿ ಕೊಡಿ. ಮಕ್ಕಳು ಖುಷಿಪಡುತ್ತಾರೆ.

ಕಣಗಿಲೆ, ಉಮ್ಮತ್ತಿ, ನಿತ್ಯಪುಷ್ಪ ಎಷ್ಟೇ ಚೆಂದವಿದ್ದರೂ ಊಟದ ಟೇಬಲ್ ಹತ್ತಿರ ಬರಕೂಡದು. ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲವೂ ವಿಷ, ಅದನ್ನಿಟ್ಟ ನೀರೂ ಅಪಾಯ. ಮಾರುಕಟ್ಟೆಯ ಗುಲಾಬಿಗೆ ಔಷಧಿ ಹೊಡೆದಿರುತ್ತಾರೆ, ಅದನ್ನೂ ತಿನ್ನುವ ಹೂಗಳ ಜೊತೆ ಸೇರಿಸಬೇಡಿ. ತಿನ್ನುವುದು ಯಾವುದು, ನೋಡುವುದು ಯಾವುದು ಎಂದು ಮಕ್ಕಳಿಗೆ ಗೊತ್ತಾಗುವುದಿಲ್ಲ.

ಊಟ ಮುಗಿದ ಮೇಲೆ ದೊಡ್ಡಪತ್ರೆಯನ್ನು ತೊಳೆದು ಮರುದಿನ ತಂಬುಳಿ ಮಾಡಿ. ಪುದೀನದ ಕಡ್ಡಿಗಳನ್ನು ಸ್ಟೀಲ್ ಲೋಟದಲ್ಲೇ ಬಿಟ್ಟು ನೀರು ಬದಲಿಸುತ್ತಿದ್ದರೆ ಬೇರು ಬರುತ್ತದೆ, ಆಮೇಲೆ ಕುಂಡಕ್ಕೆ ನೆಡಿ.