ಕ್ಯಾಲಿಫೋರ್ನಿಯಾದಲ್ಲಿ ಶಾಲೆ ಶುರುವಾಗುವ ಹೊತ್ತನ್ನು ಕಾನೂನೇ ಏಕೆ ನಿಗದಿಪಡಿಸಿತು?

ಮಕ್ಕಳ ನಿದ್ದೆಗಾಗಿ. ಹದಿಹರೆಯದಲ್ಲಿ ದೇಹಕ್ಕೆ ನಿದ್ದೆ ಹತ್ತುವ ಹೊತ್ತೇ ತಡವಾಗುತ್ತದೆ. ರಾತ್ರಿ ಹನ್ನೊಂದಾದರೂ ಅನೇಕರಿಗೆ ಕಣ್ಣು ಎಳೆಯುವುದಿಲ್ಲ. ಅದನ್ನು ಸೋಮಾರಿತನವೆಂದು ಬೈಯುವುದು ಅನ್ಯಾಯ. ಅಮೆರಿಕದ ಮಕ್ಕಳ ತಜ್ಞವೈದ್ಯರ ಸಂಘ 2014ರಲ್ಲೇ 8:30ಕ್ಕಿಂತ ಮೊದಲು ತರಗತಿ ಬೇಡವೆಂದಿತ್ತು. ಇದನ್ನೇ ಕಾನೂನಾಗಿಸಲು ರಾಜ್ಯದ ಸೆನೆಟರ್ ಆಂಥನಿ ಪೋರ್ಟಂಟಿನೊ ತಂದ ಮಸೂದೆಯನ್ನು 2018ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ತಿರಸ್ಕರಿಸಿದರು. ಪಟ್ಟು ಬಿಡದೆ ಮತ್ತೆ ತಂದಾಗ, 2019ರಲ್ಲಿ ಹೊಸ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು. 2022ರ ಜುಲೈ 1ರಿಂದ ಪ್ರೌಢಶಾಲೆಗಳು 8:30ಕ್ಕಿಂತ ಮೊದಲು, ಮಾಧ್ಯಮಿಕ ಶಾಲೆಗಳು 8ಕ್ಕಿಂತ ಮೊದಲು ಪಾಠ ಆರಂಭಿಸುವಂತಿಲ್ಲ. ಗ್ರಾಮೀಣ ಪ್ರದೇಶಗಳಿಗೆ ವಿನಾಯಿತಿಯಿದೆ. ಬಸ್ಸುಗಳ ವೇಳೆ, ನಸುಕಿನಲ್ಲೇ ಕೆಲಸಕ್ಕೆ ಹೊರಡುವ ಪೋಷಕರ ಪಾಡು, ಇವು ತಳ್ಳಿಹಾಕುವಂಥ ಆಕ್ಷೇಪಗಳಲ್ಲ. ಫ್ಲಾರಿಡಾ ಇಂಥದ್ದೇ ಕಾನೂನನ್ನು 2023ರಲ್ಲಿ ಮಾಡಿ, ಜಾರಿಯಾಗುವ ಮೊದಲೇ 2025ರಲ್ಲಿ ಹಿಂಪಡೆಯಿತು. ನನಗಂತೂ ಅದು ನೋವಿನ ಸಂಗತಿ.