ಮೈಕ್ ಮುಂದೆ ನಿಂತರೆ ಎಲ್ಲ ಮರೆತುಹೋಗುತ್ತದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಯಾದಗಿರಿ ಜಿಲ್ಲೆಯ ಹಳ್ಳಿಯವರು, ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೀರಿ, ಮುಂದಿನ ತಿಂಗಳು ಸೆಮಿನಾರ್ ಕೊಡಬೇಕು. ಪೂರ್ತಿ ಬಾಯಿಪಾಠ ಮಾಡಿಕೊಂಡು ಹೋದರೂ ಎದ್ದು ನಿಂತ ಕೂಡಲೇ ಮರೆಯುತ್ತದೆ. ಕೈ ನಡುಗುತ್ತದೆ, ಬಾಯಿ ಒಣಗುತ್ತದೆ. ಸಾಲದ್ದಕ್ಕೆ ನಿಮ್ಮ ಕನ್ನಡ ಕೇಳಿ ಕೆಲವರು ನಗುತ್ತಾರೆ. ಧೈರ್ಯ ಬರೋಕೆ ಏನು ಮಾಡಬೇಕು, ದುಡ್ಡು ಕೊಟ್ಟು ಕೋರ್ಸ್ ಸೇರಬೇಕಾ ಅಂತ ಕೇಳಿದ್ದೀರಿ.

ನಾನು ಕಲಬುರಗಿಯವನೇ. ರೈತರ ಸಭೆಗಳಲ್ಲಿ ಮಾತಾಡುವುದೇ ನನ್ನ ಕೆಲಸ. ತೊಗರಿ ಬೆಳೆಯುವ ಊರುಗಳಿಗೆ ಹೋಗಿ ಬೀಜ, ರೋಗ, ಬೆಳೆ ವಿಮೆ ಅಂತ ಹೇಳಬೇಕು. ಗುಡಿ ಕಟ್ಟೆ ಮೇಲೆ ಕೂತ ರೈತರಿಗೆ ನಿಮ್ಮ ಮಾತು ಹಿಡಿಸಲಿಲ್ಲ ಅಂದರೆ ಚಪ್ಪಾಳೆ ತಟ್ಟಿ ನಿಮ್ಮ ಮರ್ಯಾದೆ ಉಳಿಸುವುದಿಲ್ಲ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಾರೆ. ಅವರಿಂದ ಕಲಿತದ್ದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಮರೆವಿನ ವಿಷಯ. ನೋಡ್ರಿ, ನೀವು ಮರೆಯುವುದು ಬಾಯಿಪಾಠ ಮಾಡಿದ್ದಕ್ಕೇ. ಬಾಯಿಪಾಠದಲ್ಲಿ ಒಂದು ಪದದ ಬಾಲ ಹಿಡಿದು ಇನ್ನೊಂದು ಬರುತ್ತದೆ, ನಡುವೆ ಒಂದು ಜಾರಿದರೆ ಮುಂದಿನದೆಲ್ಲ ನಿಂತುಬಿಡುತ್ತದೆ. ಯಾರೋ ಕೆಮ್ಮಿದರು, ಬಾಗಿಲು ತೆಗೆದು ಒಬ್ಬರು ಒಳಗೆ ಬಂದರು, ಅಷ್ಟು ಸಾಕು. ಈ ಚಟ ಹತ್ತುವುದು ಶಾಲೆಯಲ್ಲಿ. ಆಗಸ್ಟ್ 15, ಜನವರಿ 26, ನವೆಂಬರ್ 1, ಇದರ ಜೊತೆ ನಮ್ಮ ಕಡೆ ಸೆಪ್ಟೆಂಬರ್ 17 ಬೇರೆ. 1948ರಲ್ಲಿ ನಿಜಾಮರ ಆಡಳಿತ ಮುಗಿದ ದಿನ ಅಂತ ಅವತ್ತೂ ಧ್ವಜ ಏರಿಸುತ್ತೇವೆ, ಅಂದರೆ ಬೆಂಗಳೂರು ಕಡೆ ಮಕ್ಕಳಿಗಿಂತ ನಮ್ಮ ಮಕ್ಕಳಿಗೆ ಒಂದು ಭಾಷಣ ಜಾಸ್ತಿ. ಮಾಸ್ತರು ಹಾಳೆಯಲ್ಲಿ ಬರೆದುಕೊಡುತ್ತಾರೆ, ಹುಡುಗ ಒಂದೇ ಉಸಿರಿಗೆ ಒದರುತ್ತಾನೆ, 'ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ' ಅಂದವನೇ ಓಡುತ್ತಾನೆ. ಎಲ್ಲರೂ ಚಪ್ಪಾಳೆ. ಭಾಷಣ ಅಂದರೆ ಇದೇ ಅಂತ ತಿಳಿದುಕೊಂಡೇ ದೊಡ್ಡವರಾಗುತ್ತೇವೆ.

ನೀವು ಹೀಗೆ ಮಾಡಿ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ, ಇವೆರಡನ್ನು ಮಾತ್ರ ಅಕ್ಷರ ಬಿಡದೆ ಕಲಿಯಿರಿ. ಎದೆ ಜೋರಾಗಿ ಹೊಡೆದುಕೊಳ್ಳುವುದು ಶುರುವಿನಲ್ಲೇ, ಆಗ ಯೋಚನೆ ಮಾಡುವ ಕೆಲಸ ಇರಬಾರದು. ಕೊನೆಯದು ಗೊತ್ತಿಲ್ಲದವರು ಮುಗಿಸೋಕೆ ಬಾರದೆ 'ಇನ್ನೊಂದು ಮಾತು, ಇನ್ನೊಂದು ಮಾತು' ಅಂತ ಸುತ್ತುತ್ತಲೇ ಇರುತ್ತಾರೆ. ನಮ್ಮ ಕಡೆಯ ಅರ್ಧ ಕಾರ್ಯಕ್ರಮಗಳು ಊಟದ ಹೊತ್ತು ಮೀರುವುದು ಇದರಿಂದಲೇ. ನಡುವಿನ ಭಾಗಕ್ಕೆ ನಾಲ್ಕೈದು ಪದ ಬರೆದಿಟ್ಟುಕೊಳ್ಳಿ, ಯಾವುದಾದ ಮೇಲೆ ಯಾವುದು ಅಂತ ಗೊತ್ತಾಗುವಷ್ಟು. ಆಮೇಲೆ ಬಾಯಿ ಬಿಟ್ಟು ಜೋರಾಗಿ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ, ಮನಸ್ಸಿನಲ್ಲಿ ಎಲ್ಲರೂ ಚೆನ್ನಾಗೇ ಮಾತಾಡುತ್ತಾರೆ. ಪ್ರತಿ ಸಲ ಮಾತು ಬೇರೆ ಥರ ಬರಲಿ. ಒಂದೇ ವಿಷಯವನ್ನು ಮೂರು ಥರ ಹೇಳೋಕೆ ಬಂದರೆ ಒಂದು ಮರೆತರೂ ಇನ್ನೆರಡು ಕೈಯಲ್ಲಿರುತ್ತವೆ, ಅಲ್ವಾ?

ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ ಅಂತ ಬಹಳ ಜನ ಹೇಳುತ್ತಾರೆ. ನಾನು ಹೇಳುವುದಿಲ್ಲ. ಕನ್ನಡಿ ಮುಂದೆ ನಿಂತವರು ತಮ್ಮ ಮುಖವನ್ನೇ ನೋಡುತ್ತಾರೆ, ನಿಮಗೆ ಈಗಾಗಲೇ ಹತ್ತಿರುವ ಕಾಯಿಲೆಯೇ ಅದು. ಅದರ ಬದಲು ರಾತ್ರಿ ಮನೆಗೆ ಫೋನ್ ಮಾಡಿದಾಗ ಅವ್ವನಿಗೆ ಹೇಳಿ. 'ಅವ್ವಾ, ನಾ ಇಂಥದ್ರ ಮ್ಯಾಲ ಮಾತಾಡಬೇಕು, ಅದೇನಂದ್ರ...' ಅಂತ ಶುರು ಮಾಡಿ. ಆಕೆ ಆ ಕಡೆ ರೊಟ್ಟಿ ಬಡಿಯುತ್ತಾ ಹೂಂ ಹೂಂ ಅನ್ನುತ್ತಿರುತ್ತಾರೆ. ಎಲ್ಲಿ ಹೂಂ ನಿಂತು 'ಹಂಗಂದ್ರ?' ಅಂತ ಬರುತ್ತದೋ ಅಲ್ಲಿ ನಿಮ್ಮ ಸೆಮಿನಾರ್ ರಿಪೇರಿ ಆಗಬೇಕು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಶುರು ಹೇಗೆ ಮಾಡಬೇಕು ಅನ್ನುವುದಕ್ಕೆ ನನ್ನ ಕೆಲಸದ್ದೇ ಉದಾಹರಣೆ ಕೊಡುತ್ತೇನೆ. ತೊಗರಿಗೆ ನೆಟೆ ರೋಗ ಬರುವುದು ನಿಮಗೂ ಗೊತ್ತಿರುತ್ತದೆ, ಹಸಿರಾಗಿ ನಿಂತ ಗಿಡ ಹೂವು ಕಾಯಿ ಹೊತ್ತಿಗೆ ನಿಂತಲ್ಲೇ ಒಣಗುತ್ತದೆ. ಇದರ ಬಗ್ಗೆ ಹೇಳಲು ಬಂದವರು 'ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರದಿಂದ ಉಂಟಾಗುವ ಈ ರೋಗವು' ಅಂತ ಎತ್ತಿಕೊಂಡರೆ ಎರಡನೇ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ತಂಬಾಕು ತಿಕ್ಕಲು ಶುರು. ಅದೇ, ಬರುವ ದಾರಿಯಲ್ಲಿ ಹೊಲದವರನ್ನು ಕೇಳಿ ಒಣಗಿದ ಗಿಡವೊಂದನ್ನು ಬೇರುಸಹಿತ ಕಿತ್ತು ತಂದು, ಎಲ್ಲರ ಎದುರು ಚಾಕುವಿನಿಂದ ಕಾಂಡದ ಸಿಪ್ಪೆ ಸೀಳಿ, ಬೇರಿನಿಂದ ಮೇಲಕ್ಕೆ ಹತ್ತಿದ ಕಪ್ಪು ಗೆರೆ ತೋರಿಸಿದರೆ ಹಿಂದೆ ಕೂತವರೂ ಎದ್ದು ಮುಂದೆ ಬರುತ್ತಾರೆ. ಗಿಡ ಕೈಯಿಂದ ಕೈಗೆ ಹೋಗುತ್ತದೆ. 'ನೀರು ಏರೋ ದಾರಿನೇ ಬಂದ್ ಆಗ್ಯಾದ, ಗಿಡ ಹ್ಯಾಂಗ ಬದುಕಬೇಕು' ಅಂತ ಅವರಲ್ಲೇ ಒಬ್ಬರು ಹೇಳುತ್ತಾರೆ, ನಾನು ಹೇಳಬೇಕಾಗಿದ್ದ ಮಾತನ್ನು. ಆಮೇಲೆ ನಿಧಾನಕ್ಕೆ, ಈ ರೋಗದ ಬೂಷ್ಟು ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಅದಕ್ಕೇ ಅದೇ ಹೊಲಕ್ಕೆ ಪ್ರತಿ ವರ್ಷ ತೊಗರಿ ಬೇಡ, ನಡುವೆ ಜೋಳ ಹಾಕಿ, ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ, ರೋಗ ತಡೆಯುವ ಒಳ್ಳೇ ಬೂಷ್ಟು ಹಚ್ಚಿ ಬಿತ್ತಿ ಅಂದರೆ ಕೇಳಿಸಿಕೊಳ್ಳುತ್ತಾರೆ. ಇನ್ನೊಂದು ಲಾಭ ಏನೆಂದರೆ ಎಲ್ಲರ ಕಣ್ಣೂ ಗಿಡದ ಮೇಲೆ ಇರುತ್ತದೆ. ಮಾತಾಡುವವನ ಕೈ ನಡುಗಿದರೆ ಯಾರಿಗೆ ಬೇಕು ಅದು?

ಶರಣಬಸವೇಶ್ವರ ಜಾತ್ರೆಗೆ ಹೋದಾಗ ತರಕಾರಿ ಹೆಚ್ಚುವ ಮಣೆ ಮಾರುವವನನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಸ್ಟೀಲಿನ ಇತಿಹಾಸ ಹೇಳುತ್ತಾನಾ ಅವನು? ಮೊದಲು ಗಜ್ಜರಿ ಹೆಚ್ಚಿ ತೋರಿಸುತ್ತಾನೆ. ನಿಮ್ಮ ಸೆಮಿನಾರ್‌ನಲ್ಲೂ ವಿಷಯ ಯಾವುದೇ ಇರಲಿ, ಮೊದಲ ನಿಮಿಷದಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತು, ಒಂದು ಫೋಟೋ, ಒಂದು ಲೆಕ್ಕ ಇಡಿ. ವ್ಯಾಖ್ಯೆ ಆಮೇಲೆ ಬರಲಿ. ಪಿಪಿಟಿ ತುಂಬಾ ಪ್ಯಾರಾ ತುಂಬಿಸಿ ಪರದೆ ಕಡೆ ತಿರುಗಿ ಓದುವುದಾದರೆ ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕಲ್ಲ.

ಈಗ ಭಾಷೆ. ನಮ್ಮ ಕಡೆಯವರ ದೊಡ್ಡ ಹಿಂಜರಿಕೆ ಇದು. 'ಏನ್ ಮಾಡ್ಲಕತ್ತೀರಿ' ಅನ್ನುವ ಬಾಯಿ ಮೈಕ್ ಕಂಡ ಕೂಡಲೇ ಪಠ್ಯಪುಸ್ತಕ ಆಗಿಬಿಡುತ್ತದೆ. ಆಗ ತಲೆಯೊಳಗೆ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಹೇಳಬೇಕಾದದ್ದನ್ನು ಹುಡುಕಬೇಕು, ಸಿಕ್ಕಿದ್ದನ್ನು ರೂಢಿಯಿಲ್ಲದ ಕನ್ನಡಕ್ಕೆ ತಿರುಗಿಸಬೇಕು. ಹೆದರಿದಾಗ ಒಂದು ಕೆಲಸವೇ ಕಷ್ಟ. ಪೂರಾ ಮನೆಮಾತೇ ಆಡಿ ಅಂತಲ್ಲ, ಅಂಕ ಕೊಡುವವರು ಎದುರಿಗೇ ಕೂತಿರುತ್ತಾರೆ. ವಿಷಯಕ್ಕೆ ಬೇಕಾದ ಪದಗಳನ್ನು ಸರಿಯಾಗಿ ಕಲಿಯಿರಿ, ಉಚ್ಚಾರ ಗೊತ್ತಿಲ್ಲದಿದ್ದರೆ ಮೊದಲೇ ಯಾರನ್ನಾದರೂ ಕೇಳಿ. ಉಳಿದಂತೆ ನಿಮ್ಮ ರಾಗ, ನಿಮ್ಮ 'ನೋಡ್ರಿ', ನಿಮ್ಮ 'ಖರೇ ಹೇಳಬೇಕಂದ್ರ' ಹಾಗೇ ಇರಲಿ. ನಗುವವರು ಮೊದಲ ಅರ್ಧ ನಿಮಿಷ ನಗುತ್ತಾರೆ. ವಿಷಯದಲ್ಲಿ ದಮ್ ಇದ್ದರೆ ಅವರೇ ಪೆನ್ನು ತೆಗೆಯುತ್ತಾರೆ. ಬಸವಕಲ್ಯಾಣ ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲೇ ಇದೆ. 12ನೇ ಶತಮಾನದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಎದುರು ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಅಕ್ಕಿ ಆಯ್ದು ಬದುಕಿದ ಲಕ್ಕಮ್ಮನೂ ಕೂತು ಮಾತಾಡಿದರು ಅಂತ ಶಾಲೆಯಿಂದ ಓದುತ್ತಾ ಬಂದಿದ್ದೇವೆ. ಅದೇ ನೆಲದವರು ನಾವು, 'ನಮ್ ಕನ್ನಡ ಸರಿ ಇಲ್ಲ' ಅಂತ ಬಾಯಿ ಮುಚ್ಚಿಕೊಂಡು ಕೂರುವುದು ನನಗಂತೂ ಸಿಟ್ಟು ಬರಿಸುತ್ತದೆ.

ಕೈ ನಡುಕ, ಎದೆ ಬಡಿತ, ಒಣ ಬಾಯಿ ಇದೆಲ್ಲ ಹೆದರಿದಾಗ ಮೈಯಲ್ಲಿ ಹರಿಯುವ ಅಡ್ರಿನಲಿನ್ ಅನ್ನುವ ಹಾರ್ಮೋನು ಮಾಡುವ ಕೆಲಸ. ಮೈಗೆ ಇದು ಸೆಮಿನಾರ್ ಅಂತ ಗೊತ್ತಾಗುವುದಿಲ್ಲ, ಏನೋ ಅಪಾಯ ಅಂದುಕೊಂಡು ತಯಾರಾಗುತ್ತದೆ. ನಿಮಗೊಬ್ಬರಿಗೇ ಹೀಗೆ ಅಂತ ಅಂದುಕೊಳ್ಳಬೇಡಿ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ಮನುಷ್ಯರಿಗೆ ಒತ್ತಡ ತರಿಸುವ ಒಂದು ಪ್ರಯೋಗ ಪ್ರಕಟಿಸಿದರು. ಮುಖ ಗಂಟು ಹಾಕಿಕೊಂಡ ಜನರ ಎದುರು ಐದು ನಿಮಿಷ ಭಾಷಣ ಮಾಡಿಸುವುದು, ಆಮೇಲೆ ಬಾಯಿಲೆಕ್ಕ ಮಾಡಿಸುವುದು, ಅಷ್ಟೇ. ಇವತ್ತಿಗೂ ಲ್ಯಾಬ್‌ಗಳಲ್ಲಿ ಅದನ್ನೇ ಬಳಸುತ್ತಾರೆ. ಇನ್ನೊಂದು ಸಂಶೋಧನೆ ನಿಮಗೆ ಜಾಸ್ತಿ ಉಪಯೋಗ. ಅಮೆರಿಕದ ಮನಶ್ಶಾಸ್ತ್ರಜ್ಞರು ಸವಿಟ್ಸ್‌ಕಿ ಮತ್ತು ಗಿಲೋವಿಚ್ 2003ರಲ್ಲಿ ತೋರಿಸಿದ್ದು: ನಮ್ಮ ಹೆದರಿಕೆ ಎದುರಿನವರಿಗೆ ಕಾಣುತ್ತಿದೆ ಅಂತ ನಾವು ಎಷ್ಟು ಅಂದುಕೊಳ್ಳುತ್ತೇವೋ ಅಷ್ಟು ಅವರಿಗೆ ಕಾಣುವುದೇ ಇಲ್ಲ. ಈ ಮಾತನ್ನು ಮೊದಲೇ ತಿಳಿಸಿ ವೇದಿಕೆಗೆ ಕಳಿಸಿದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಹಾಗಾಗಿ 'ನನಗೆ ಸ್ವಲ್ಪ ಭಯ ಆಗ್ತಿದೆ, ಕ್ಷಮಿಸಿ' ಅಂತ ಶುರು ಮಾಡಬೇಡಿ. ಯಾರಿಗೂ ಕಂಡಿರಲಿಲ್ಲ, ನೀವೇ ತೋರಿಸಿದ ಹಾಗಾಗುತ್ತದೆ. ನಡುಕ ಪೂರ್ತಿ ಹೋಗಲಿ ಅಂತ ಕಾಯಬೇಡಿ ಕೂಡ. ನನಗೆ ಈಗಲೂ ಮೊದಲ ಎರಡು ವಾಕ್ಯದವರೆಗೆ ಇರುತ್ತದೆ.

ನಡುಕವನ್ನು ಬಯಲು ಮಾಡುವುದು ಕೈಯಲ್ಲಿರುವ ತೆಳ್ಳಗಿನ ಹಾಳೆ. ಅದು ಪಟಪಟ ಅಂತ ಸದ್ದು ಮಾಡುತ್ತದೆ, ಅದನ್ನು ನೋಡಿ ನಿಮಗೆ ಇನ್ನೂ ಹೆದರಿಕೆ. ನಾನು ಹಳೇ ಲಗ್ನಪತ್ರಿಕೆಗಳನ್ನು ಎತ್ತಿಡುತ್ತೇನೆ. ಹಿಂಭಾಗ ಖಾಲಿ ಇರುವ ದಪ್ಪ ಕಾರ್ಡ್ ನೋಡಿ ಅಂಗೈಯಗಲ ಕತ್ತರಿಸಿ, ಆ ನಾಲ್ಕೈದು ಪದ ದೊಡ್ಡದಾಗಿ ಬರೆದುಕೊಂಡರೆ ಮುಗಿಯಿತು. ನಡುಗಿದರೂ ಗೊತ್ತಾಗುವುದಿಲ್ಲ.

ಮೈಕ್ ಬಗ್ಗೆ ಎರಡೇ ಮಾತು. ಬಾಯಿಂದ ನಾಲ್ಕು ಬೆರಳು ದೂರ ಇರಲಿ, ಊದಿ ತಟ್ಟಿ ನೋಡಬೇಡಿ. ಹಿಡಿದುಕೊಂಡು ಸ್ಪೀಕರ್ ಬಾಕ್ಸ್ ಎದುರಿಗೆ ಹೋದರೆ ಕುಂಯ್ ಅನ್ನುತ್ತದೆ. ಮೇ ತಿಂಗಳಾದರೆ ಫ್ಯಾನುಗಳ ಸದ್ದೇ ಒಂದು ಕಡೆ, ಕರೆಂಟ್ ಹೋಗುವುದು ಇನ್ನೊಂದು ಕಡೆ. ಹೋದರೆ ಸುಮ್ನೆ ನಾಲ್ಕು ಹೆಜ್ಜೆ ಮುಂದೆ ಬಂದು ಮಾತು ಮುಂದುವರಿಸಿ. ಆಗ ಜನ ಇನ್ನೂ ಚೆನ್ನಾಗಿ ಕೇಳುತ್ತಾರೆ, ನಾನು ಕಂಡಿದ್ದೇನೆ.

ಕೋರ್ಸ್ ಬಗ್ಗೆ ಕೇಳಿದ್ದೀರಿ. 'ಮಾತಿನ ಬೆಲೆ 7 ಪರ್ಸೆಂಟ್ ಮಾತ್ರ, ಉಳಿದದ್ದೆಲ್ಲ ದನಿ ಮತ್ತು ಬಾಡಿ ಲ್ಯಾಂಗ್ವೇಜ್' ಅಂತ ಜಾಹೀರಾತಿನಲ್ಲಿ ಹಾಕಿದ್ದರೆ ಆ ಕೋರ್ಸ್ ಬಿಡಿ. ಮೆಹ್ರೇಬಿಯನ್ ಅನ್ನುವ ಮನಶ್ಶಾಸ್ತ್ರಜ್ಞರು 1967ರಲ್ಲಿ ಮಾಡಿದ ಅಧ್ಯಯನಗಳಿಂದ ಎತ್ತಿದ ಲೆಕ್ಕ ಅದು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ, ಮುಖಭಾವದಲ್ಲಿ ಹೇಳಿದಾಗ ಹೇಳುವವರಿಗೆ ನಮ್ಮ ಮೇಲೆ ಇಷ್ಟ ಇದೆಯೋ ಇಲ್ಲವೋ ಅಂತ ಕೇಳುಗರು ಹೇಗೆ ಅಂದಾಜು ಮಾಡುತ್ತಾರೆ ಅನ್ನುವುದಷ್ಟೇ ಅಲ್ಲಿತ್ತು. ಸೆಮಿನಾರಿಗೂ ಅದಕ್ಕೂ ಸಂಬಂಧವಿಲ್ಲ. ಭಾಷಣ ಅಭ್ಯಾಸ ಮಾಡಲೆಂದೇ ಜನ ಸೇರುವ ಟೋಸ್ಟ್‌ಮಾಸ್ಟರ್ಸ್ ಥರದ ಕ್ಲಬ್ ಸಿಕ್ಕರೆ ಹೋಗಬಹುದು. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಅಲ್ಲಿ ನೀವು ಎಷ್ಟು ಸಲ 'ಅಂ', 'ಆಂ' ಅಂದಿರಿ ಅಂತ ಎಣಿಸೋಕೇ ಒಬ್ಬರನ್ನು ಕೂರಿಸುತ್ತಾರೆ. ಒಳ್ಳೆಯ ಪದ್ಧತಿ. ರೂಮ್‌ಮೇಟ್‌ಗೆ ಒಂದು ಚಹಾ ಕುಡಿಸಿ ಈ ಕೆಲಸ ಹಚ್ಚಬಹುದು, 'ಏನಂದ್ರೆ', 'ಮತ್ತೆ' ಎಷ್ಟು ಬಂತು ಅಂತ ಗೀಟು ಹಾಕಲಿ.

ನನ್ನ ಕೇಳಿದರೆ ಪುಕ್ಕಟೆ ಜಾಗಗಳು ಬೇಕಾದಷ್ಟಿವೆ. ಕಾಲೇಜಿನಲ್ಲಿ ಯಾವ ಕಾರ್ಯಕ್ರಮ ಆದರೂ ಕೊನೆಗೆ ವಂದನಾರ್ಪಣೆಗೆ ಜನ ಸಿಗುವುದಿಲ್ಲ. ಅದನ್ನು ನೀವೇ ಕೇಳಿ ತೆಗೆದುಕೊಳ್ಳಿ. ಎರಡು ನಿಮಿಷದ ಕೆಲಸ, ಜನ ಆಗಲೇ ಚಪ್ಪಲಿ ಹುಡುಕುತ್ತಿರುತ್ತಾರೆ, ತಪ್ಪಾದರೂ ಯಾರೂ ಗಮನಿಸುವುದಿಲ್ಲ. ಅದು ಸಲೀಸಾದ ಮೇಲೆ ಸ್ವಾಗತ, ಆಮೇಲೆ ನಿರೂಪಣೆ. ಊರಿಗೆ ಹೋದಾಗ ಗ್ರಾಮಸಭೆ ಇದ್ದರೆ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ, ನೀರಿನ ಟ್ಯಾಂಕ್ ಯಾವಾಗ ತೊಳೆಯುತ್ತೀರಿ ಅಂತಾದರೂ ಸರಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು ಅಂತ ಕಾನೂನಿದೆ, ಮಾತಾಡುವ ಹಕ್ಕು ನಿಮಗಿದೆ, ಎದುರಿಗೆ ಉತ್ತರ ಕೊಡಬೇಕಾದವರು ಕೂತಿರುತ್ತಾರೆ. ಅಲ್ಲಿ ಒಮ್ಮೆ ಮಾತಾಡಿದವರಿಗೆ ಕ್ಲಾಸ್‌ರೂಮ್ ಅಂಥ ದೊಡ್ಡದಾಗಿ ಕಾಣುವುದಿಲ್ಲ.

ಸೆಮಿನಾರ್ ಮುಗಿದ ಮೇಲೆ ಪ್ರಶ್ನೆ ಕೇಳುತ್ತಾರಲ್ಲ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೇಳಿದ ಪ್ರಶ್ನೆಯನ್ನು ಒಮ್ಮೆ ನೀವೇ ಜೋರಾಗಿ ಹೇಳಿ, ಯೋಚಿಸಲು ಟೈಮ್ ಸಿಗುತ್ತದೆ, ಹಿಂದಿನವರಿಗೂ ಕೇಳುತ್ತದೆ. ಗೊತ್ತಿಲ್ಲದಿದ್ದರೆ 'ಇದು ನಾನು ನೋಡಿಲ್ಲ, ನೋಡಿ ಹೇಳುತ್ತೇನೆ' ಅನ್ನಿ. ಹೇಳಿದ ಮೇಲೆ ನಿಜವಾಗಲೂ ನೋಡಿ ಹೇಳಿ.

ನಿಮ್ಮ ಸೆಮಿನಾರ್ ವಿಷಯ ಏನು ಅಂತ ಬರೆದಿಲ್ಲ. ಕೆಳಗೆ ಹಾಕಿ, ಮೊದಲ ವಾಕ್ಯ ಹೇಗಿದ್ದರೆ ಚೆನ್ನ ಅಂತ ಸೇರಿ ನೋಡೋಣ.