ಕರ್ನೆಲ್‌ನಲ್ಲಿ ಮೆಮೊರಿ ಸಿಗದಿದ್ದರೆ ಡ್ರೈವರ್ ಏನು ಮಾಡಬೇಕು?

ಪ್ರಶ್ನೆ: ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ಡಿವೈಸ್ ಸಿಕ್ಕಾಗ ಕರ್ನೆಲ್ ಕರೆಯುವ ಪ್ರೋಬ್ ಫಂಕ್ಷನ್‌ನಲ್ಲಿ ಮೂರು ಕಡೆ ಮೆಮೊರಿ ಕೇಳುವ ಕೆಮ್ಯಾಲಾಕ್ ಇದೆ. ಸಣ್ಣ ಅಲೊಕೇಶನ್‌ಗಳು (ಮೆಮೊರಿ ಕೋರಿಕೆಗಳು) ವಿಫಲವಾಗುವುದೇ ಇಲ್ಲ, ನಲ್ (ಮೆಮೊರಿ ಸಿಗಲಿಲ್ಲ ಎನ್ನುವ ಖಾಲಿ ವಿಳಾಸ) ಬಂತೇ ಎಂದು ನೋಡಬೇಕಿಲ್ಲ ಎನ್ನುತ್ತಾರೆ ಜೊತೆಯವರು. ನಿಜವೇ? ನೋಡಿದರೂ ಆ ಕೋಡ್ ಸರಿಯಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಅವರ ಮಾತು ಅರ್ಧ ಮಾತ್ರ ನಿಜ. ಕಾಯಲು ಸಿದ್ಧ ಎಂದು ಹೇಳುವ ಜಿಎಫ್‌ಪಿ ಕರ್ನೆಲ್ ಫ್ಲ್ಯಾಗ್ ಕೊಟ್ಟು 8 ಪೇಜ್‌ವರೆಗೆ, ಅಂದರೆ 4 ಕೆಬಿ ಪೇಜ್ ಇರುವಲ್ಲಿ 32 ಕೆಬಿವರೆಗೆ ಕೇಳಿದರೆ ಕರ್ನೆಲ್ ಸುಲಭಕ್ಕೆ ಇಲ್ಲವೆನ್ನುವುದಿಲ್ಲ. ಕಾಯುತ್ತದೆ, ಬೇಕಾದರೆ ಓಓಎಂ ಕಿಲ್ಲರ್ ಕರೆದು ಇನ್ನೊಂದು ಪ್ರೊಸೆಸ್ಸನ್ನು ಕೊಂದಾದರೂ ಜಾಗ ಮಾಡಿಕೊಡುತ್ತದೆ. ಆದರೆ ಇದು ಭರವಸೆಯಲ್ಲ. ಕೊಲ್ಲಲು ಆಯ್ಕೆಯಾದ ಪ್ರೊಸೆಸ್ಸೇ ಮೆಮೊರಿ ಕೇಳುತ್ತಿದ್ದರೆ ನಲ್ ಬರಬಹುದು. ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ (ಹಾರ್ಡ್‌ವೇರ್ ಸಂಕೇತ ಬಂದಾಗ ಓಡುವ ಕೋಡ್‌ನಲ್ಲಿ) ಬಳಸುವ ಜಿಎಫ್‌ಪಿ ಅಟಾಮಿಕ್‌ಗೆ ಕಾಯುವ ಅವಕಾಶವೇ ಇಲ್ಲ, ಅದು ವಿಫಲವಾಗುವ ಸಾಧ್ಯತೆ ಹೆಚ್ಚು. 32 ಕೆಬಿ ದಾಟಿದರೆ ಖಾಲಿ ಮೆಮೊರಿ ಸಾಕಷ್ಟಿದ್ದರೂ ಸಾಲಾಗಿ ಅಷ್ಟು ಪೇಜ್ ಸಿಗದೇ ಹೋಗಬಹುದು. ಭೌತಿಕವಾಗಿ ಒತ್ತಟ್ಟಿಗೆ ಇರಬೇಕಿಲ್ಲದ ಬಫರ್‌ಗೆ ಕೆವಿಮ್ಯಾಲಾಕ್ ಬಳಸಿ, ಬಿಡುಗಡೆಗೆ ಕೆವಿಫ್ರೀ.

ಹಾಗಾಗಿ ನಲ್ ನೋಡಲೇಬೇಕು. ಆದರೆ ನಿಜವಾದ ಬಗ್ ಅಡಗಿರುವುದು ನೋಡಿದ ನಂತರದ ಸಾಲುಗಳಲ್ಲಿ. ಮೂರನೆಯದು ವಿಫಲವಾದಾಗ ಮೊದಲ ಎರಡನ್ನು ಬಿಡದೆ ಇನೋಮೆಮ್ (ಮೆಮೊರಿ ಇಲ್ಲ ಎನ್ನುವ ಎರರ್ ಕೋಡ್) ಹಿಂದಿರುಗಿಸಿದರೆ ಸೋರಿಕೆ. ಗೋಟೂ ಲೇಬಲ್‌ಗಳಿಟ್ಟು, ಪಡೆದ ಕ್ರಮಕ್ಕೆ ಸರಿಯಾಗಿ ಉಲ್ಟಾ ಬಿಡಿ. ಸೋರಿಕೆಗಿಂತ ಅಪಾಯಕಾರಿಯಾದದ್ದು ಇಂಟರಪ್ಟ್. ಅದನ್ನು ಮೊದಲೇ ನೋಂದಾಯಿಸಿದ್ದು ಬಫರ್ ಮುಂಚೆ ಫ್ರೀ ಆದರೆ, ಹ್ಯಾಂಡ್ಲರ್ ಸತ್ತ ಮೆಮೊರಿಯನ್ನು ಮುಟ್ಟುತ್ತದೆ. ಎಲ್ಲ ಅಲೊಕೇಶನ್ ಮುಗಿದ ಮೇಲೆಯೇ ಇಂಟರಪ್ಟ್ ಕೇಳಿ.

ಡಿವೈಸ್ ಬಿಟ್ಟಾಗ ಮೆಮೊರಿಯನ್ನು ತಾನಾಗಿಯೇ ಬಿಡುವ ಡೆವ್‌ಎಂ ಕೆಜ್ಯಾಲಾಕ್ ಈ ಶ್ರಮವನ್ನು ಬಹುಪಾಲು ತೆಗೆಯುತ್ತದೆ. ಅರ್ಧಕ್ಕೆ ಮಾತ್ರ ಬಳಸಬೇಡಿ. ಬಫರ್ ಕೈಯಾರೆ ಕೆಫ್ರೀ, ಇಂಟರಪ್ಟ್ ಮಾತ್ರ ಡೆವ್‌ಎಂ ಎಂದಾದರೆ, ಡ್ರೈವರ್‌ನ ರಿಮೂವ್ ಫಂಕ್ಷನ್ ಮುಗಿದ ಮೇಲಷ್ಟೇ ಇಂಟರಪ್ಟ್ ತೆರವಾಗುತ್ತದೆ. ಅಷ್ಟರಲ್ಲಿ ಬಫರ್ ಹೋಗಿರುತ್ತದೆ.

ಪಡೆದ ಮೆಮೊರಿಯ ಗಾತ್ರ ಬದಲಿಸುವ ಕೆರಿಯಾಲಾಕ್ ಫಲಿತಾಂಶವನ್ನು ಅದೇ ಪಾಯಿಂಟರ್‌ಗೆ ನೇರವಾಗಿ ಹಾಕಬೇಡಿ, ವಿಫಲವಾದರೆ ಹಳೆಯ ವಿಳಾಸ ಕಳೆದುಹೋಗುತ್ತದೆ. ‘ಮೆಮೊರಿ ಇಲ್ಲ’ ಎಂಬ ಸಂದೇಶ ಮುದ್ರಿಸುವುದೂ ಬೇಡ, ಅಲೊಕೇಟರ್ ತಾನೇ ಸ್ಟ್ಯಾಕ್ ಟ್ರೇಸ್ ಕೊಡುತ್ತದೆ.

ಇನ್ನು ಪರೀಕ್ಷೆ. ಕರ್ನೆಲ್ ಕಾನ್ಫಿಗ್‌ನಲ್ಲಿ ಫಾಲ್ಟ್ ಇಂಜೆಕ್ಷನ್ (ಬೇಕೆಂದೇ ವೈಫಲ್ಯ ಉಂಟುಮಾಡುವ ಸೌಲಭ್ಯ), ಅದರ ಡೀಬಗ್‌ಎಫ್‌ಎಸ್ ಆಯ್ಕೆ, ಅಲೊಕೇಶನ್‌ಗಳನ್ನು ವಿಫಲಗೊಳಿಸುವ ಫೇಲ್‌ಸ್ಲ್ಯಾಬ್ ಜೊತೆಗೆ ತಪ್ಪು ಮೆಮೊರಿ ಮುಟ್ಟಿದರೆ ಹಿಡಿಯುವ ಕಾಸಾನ್, ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಆನ್ ಮಾಡಿ. ಫೇಲ್‌ಸ್ಲ್ಯಾಬ್‌ನ ಇಗ್ನೋರ್-ಜಿಎಫ್‌ಪಿ-ವೇಟ್ ಫೈಲ್‌ಗೆ ಎನ್ ಬರೆಯಿರಿ. ಇದನ್ನು ಮರೆತರೆ ಜಿಎಫ್‌ಪಿ ಕರ್ನೆಲ್ ಕೋರಿಕೆಗಳೆಲ್ಲ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತವೆ, ನೀವು ಎಲ್ಲ ಸರಿಯಿದೆ ಎಂದುಕೊಳ್ಳುತ್ತೀರಿ. ಆಮೇಲೆ ಪ್ರೋಕ್‌ನಲ್ಲಿ ಪರೀಕ್ಷೆ ನಡೆಸುವ ಥ್ರೆಡ್‌ನ ಫೇಲ್-ಎನ್‌ಟಿಎಚ್ ಫೈಲ್‌ಗೆ 1 ಬರೆದು (ಮೊದಲ ಕರೆ ವಿಫಲವಾಗಲಿ ಎಂದರ್ಥ), ಅದೇ ಥ್ರೆಡ್‌ನಿಂದಲೇ ಡಿವೈಸನ್ನು ಡ್ರೈವರ್‌ಗೆ ಬೈಂಡ್ ಮಾಡಿ, ಆಗ ಪ್ರೋಬ್ ಓಡುತ್ತದೆ. ನಂತರ 2, 3 ಎಂದು ಏರಿಸುತ್ತಾ ಹೋಗಿ. ಪ್ರತಿ ಸಲ ಫೈಲನ್ನು ಓದಿ: 0 ಬಂದರೆ ವೈಫಲ್ಯ ನಡೆದಿದೆ, 0 ಅಲ್ಲದ್ದು ಬಂದರೆ ವಿಫಲವಾಗಿಸಲು ಕರೆಗಳು ಉಳಿದಿಲ್ಲ. ಕೊನೆಗೆ ಕೆಮೆಮ್‌ಲೀಕ್ ಫೈಲ್‌ಗೆ ಸ್ಕ್ಯಾನ್ ಎಂದು ಬರೆದು ಸೋರಿಕೆ ನೋಡಿ.